ಬಂದ ಗಾಡಿ, ಬರೋ ಗಾಡಿ

ಚನ್ನಗಿರಿಯ ನಮ್ಮ ಮನೆಯಲ್ಲಿ ಗೋಡೆಗೆ ಒಂದು ಗಡಿಯಾರವಿತ್ತು. ಅದನ್ನು ಯಾರೂ ನೋಡುತ್ತಿರಲಿಲ್ಲ. ಬಸ್‌ಸ್ಟ್ಯಾಂಡಿನ ಎದುರಿಗೇ ಮನೆ. ಅಪ್ಪಾಜಿ ಪ್ರೈವೇಟ್ ಬಸ್ಸುಗಳ ಏಜೆಂಟರು. ಪಡಸಾಲೆಯೇ ಅವರ ಬುಕಿಂಗ್ ಆಫೀಸು. ಬೀದಿ ಕಡೆಯ ಕಿಟಕಿಯಿಂದ ಟಿಕೆಟ್ ಹರಿದುಕೊಡುತ್ತಿದ್ದರು, ಒಳಗಡೆ ಗೋಡೆಗುಂಟ ಯಾರ ಯಾರದೋ ಪಾರ್ಸಲ್ಲುಗಳು, ಬುಟ್ಟಿಗಳು, ಒಮ್ಮೊಮ್ಮೆ ಕಾಲು ಕಟ್ಟಿದ ಕೋಳಿಗಳು. ಹೊನ್ನಾಳಿ ಗಾಡಿಯ ಹಾರನ್ ಕೇಳಿದರೆ ಅವ್ವ ಎಸರಿಡುತ್ತಿದ್ದಳು. ದಾವಣಗೆರೆ ಗಾಡಿ ಬಿಡುವ ಹೊತ್ತಿಗೆ ನನ್ನ ಎರಡು ಜಡೆ ಮುಗಿದಿರಬೇಕಿತ್ತು. ನ್ಯಾಮತಿ ಗಾಡಿ ಲೇಟಾಯಿತೆಂದರೆ ಅಜ್ಜಿಯ ಸಂಜೆಯ ಪೂಜೆಯೂ ಲೇಟು, ಪೂಜೆ ಲೇಟಾದರೆ ನಮ್ಮ ಊಟವೂ ಲೇಟು. ಇಂಥ ಮನೆಯಲ್ಲಿ ಹುಟ್ಟಿದ ನಾನು ಬೆಳಿಗ್ಗೆ ಎದ್ದು ಬ್ಲೂ ಸ್ಕರ್ಟು, ಬಿಳಿ ಬ್ಲೌಸು, ಸ್ಟ್ರೈಪ್ಸ್ ಇದ್ದ ಟೈ ಹಾಕಿಕೊಂಡು, ಆ ಕೋಳಿಗಳನ್ನು ದಾಟಿಕೊಂಡು ಕಾನ್ವೆಂಟಿಗೆ ಹೋಗುತ್ತಿದ್ದೆ. ಗೇಟಿನೊಳಗೆ ನಾನು ವಿಮಲಾ. ಗೇಟಿನಾಚೆ ವಿಮ್ಲಿ. ಗೇಟಿನೊಳಗೆ ಬಿದ್ದರೆ "ಓಹ್" ಅನ್ನಬೇಕು, ಆಚೆ ಬಿದ್ದರೆ "ಅವ್ವಾ" ಅನ್ನಬಹುದು. ಇದನ್ನು ಬಹಳ ಬೇಗ ಕಲಿತುಬಿಟ್ಟೆ. ಎಲ್ಲವನ್ನೂ ಬಹಳ ಬೇಗ ಕಲಿತುಬಿಟ್ಟೆ ಅನ್ನುವುದೇ ನನ್ನ ಕಥೆಯ ತೊಂದರೆ.

ಕ್ಲಾಸಿಗೆ ನಾನೇ ಫಸ್ಟ್. ಯಾವಾಗಿನಿಂದ ಎಂದು ಕೇಳಿದರೆ ಯಾವಾಗಲೂ ಎಂದೇ ಹೇಳಬೇಕು. ಟರ್ಮ್ ಮುಗಿದಾಗ ಸಿಸ್ಟರ್ ಹೆಡ್‌ಮಿಸ್ಟ್ರೆಸ್ ನೇರಳೆ ಇಂಕಿನಲ್ಲಿ ಪ್ರೋಗ್ರೆಸ್ ಕಾರ್ಡಿನ ಕೊನೆಯ ಗೆರೆಯ ಮೇಲೆ ಒಂದೇ ಮಾತು ಬರೆಯುತ್ತಿದ್ದರು: ಕೀಪ್ ಇಟ್ ಅಪ್. ಅಪ್ಪಾಜಿಗೆ ಇಂಗ್ಲಿಷ್ ಬರುತ್ತಿದ್ದುದು ಬಸ್ಸಿನಷ್ಟು. ಲಗೇಜು, ಪರ್ಮಿಟ್ಟು, ಫುಲ್ಲು, ಹಾಫು. ಊರಿಂದ ಹೋಗುವ ಟ್ರಿಪ್ಪು ಅಪ್ಪು, ಬರುವ ಟ್ರಿಪ್ಪು ಡೌನು. ಮೊದಲ ಸಲ ಆ ಕಾರ್ಡನ್ನು ಬೆಳಕಿಗೆ ಹಿಡಿದು ಅವರು ಬಹಳ ಹೊತ್ತು ನೋಡಿದರು. ಆಮೇಲೆ ಅಡುಗೆಮನೆಯ ಕಡೆ ತಿರುಗಿ ಗಂಭೀರವಾಗಿ ಹೇಳಿದರು:

"ಕೀಪ್ ಅಂದ್ರೆ ಇಡು. ಅಪ್ ಅಂದ್ರೆ ಮ್ಯಾಲೆ. ಮ್ಯಾಲಿಡಾಕೆ ಹೇಳ್ಯಾರೆ ಸಿಸ್ಟರು."

"ಎಲ್ಲಿ ಮ್ಯಾಲೆ?" ಎಂದಳು ಅವ್ವ.

"ಮನ್ಯಾಗೆ ಎಲ್ಲಕ್ಕಿಂತ ಮ್ಯಾಲೆ ಯಾವುದೈತೆ? ದೇವ್ರ ಜಗಲಿ."

ಹೀಗೆ ನನ್ನ ಪ್ರೋಗ್ರೆಸ್ ಕಾರ್ಡ್ ದೇವರ ಜಗಲಿ ಏರಿತು. ವಿಭೂತಿ ಗಟ್ಟಿಯ ಪಕ್ಕ, ಗಂಟೆಯ ಹಿಂದೆ. ಸಹಿ ಮಾಡಿ ಸ್ಕೂಲಿಗೆ ಹಿಂತಿರುಗಿಸುವ ಪದ್ಧತಿ ಇದ್ದುದು ಹಾಫ್ ಇಯರ್ಲಿ ಕಾರ್ಡಿಗೆ ಮಾತ್ರ. ವರ್ಷದ ಕೊನೆಯ ಕಾರ್ಡು ನಮಗೇ. ಅದು ಮೇಲೆಯೇ ಉಳಿಯುತ್ತಿತ್ತು. ಅದರ ಅರ್ಥ ಹಾಗಲ್ಲ ಎಂದು ನಾನು ಹೇಳಬಹುದಿತ್ತು. ಆದರೆ ಅಜ್ಜಿ ಆರತಿ ಎತ್ತುವಾಗ ಬೆಳಕು ನನ್ನ ಹೆಸರಿನ ಮೇಲೂ ಒಂದು ಸುತ್ತು ಹೋಗುತ್ತಿತ್ತಲ್ಲ, ಅದನ್ನು ಕಳೆದುಕೊಳ್ಳುವಷ್ಟು ಇಂಗ್ಲಿಷ್ ಪ್ರೇಮ ನನಗಿರಲಿಲ್ಲ.

ಎಂಟನೇ ಕ್ಲಾಸಿನ ಶುರುವಿಗೆ ಕೊಟ್ರಮ್ಮ ಬಂದಳು. ಜಗಳೂರಿಗೆ ಕೊಟ್ಟಿದ್ದ ನನ್ನ ಸೋದರತ್ತೆಯ ಮಗಳು, ನನ್ನದೇ ವಯಸ್ಸು. ಅತ್ತೆ ಅವಳನ್ನು ಬಸ್ಸಿನಿಂದ ಇಳಿಸಿ ಒಂದು ಚೀಲ ಶೇಂಗಾ ಜೊತೆಗೆ ನಮ್ಮ ಪಡಸಾಲೆಯಲ್ಲಿ ಕೂರಿಸಿದರು. "ಓದ್ಲಿ ಅಣ್ಣಾ ಇವ್ಳು. ಅಲ್ಲಿದ್ರೆ ಈ ವರ್ಷ ಅಲ್ಲಾಂದ್ರೆ ಬರೋ ವರ್ಷ ಯಾರಿಗಾದ್ರೂ ಕಟ್ಟಿಬಿಡ್ತಾರೆ. ಓದಾಕತ್ತಾಳೆ ಅಂದ್ರೆ ಒಂದಿಷ್ಟು ದಿನ ಸುಮ್ಕಿರ್ತಾರೆ" ಎಂದರು. ಅಪ್ಪಾಜಿ ತಂಗಿಯ ಮಾತಿಗೆ ಎದುರಾಡಿದವರಲ್ಲ. ಕೊಟ್ರಮ್ಮನ ಕೈಗೆ ಕುಡುಗೋಲು ಹಿಡಿದ ಗಟ್ಟಿತನವಿತ್ತು, ಕಾಲಿಗೆ ಚಪ್ಪಲಿ ಇರಲಿಲ್ಲ. ನನ್ನ ಹಳೆಯ ಶೂ ಅವಳಿಗಾಯಿತು. ನನ್ನ ಹಳೆಯ ಸ್ಕರ್ಟಿನ ಹೆಮ್ ಬಿಚ್ಚಿ ಅವ್ವ ಉದ್ದ ಮಾಡಿಕೊಟ್ಟಳು. ಆಗ ನನಗೆ ಬಹಳ ದೊಡ್ಡ ಮನಸ್ಸಿತ್ತು. ಕೊಡುವವರಿಗೆ ಯಾವಾಗಲೂ ಇರುತ್ತದೆ.

ಕನ್ನಡ ಶಾಲೆಯಿಂದ ಬಂದವಳಿಗೆ ಕಾನ್ವೆಂಟ್ ಹೇಗಿರುತ್ತದೆ? ಮೊದಲ ಟರ್ಮಿನಲ್ಲಿ ಅವಳೇ ಲಾಸ್ಟ್. ಇಂಗ್ಲಿಷಿನಲ್ಲಿ ಬಂದ ಮಾರ್ಕ್ಸನ್ನು ಅವಳು ನಡುಮನೆಯಲ್ಲಿ ನಿಂತು ತಾನೇ ಓದಿ ಹೇಳಿದಳು, ಏನೋ ದೊಡ್ಡ ತಮಾಷೆ ಎಂಬಂತೆ. ನಾನಾಗಿದ್ದರೆ ಹಿತ್ತಲಿನ ಬಾವಿಯ ಕಡೆ ಹೋಗಿ ಅಳುತ್ತಿದ್ದೆ. ಅವಳು ಅಳುವವಳಲ್ಲ, ಕೇಳುವವಳು. ಅವ್ವನ ಜೊತೆ ರೊಟ್ಟಿ ತಟ್ಟುತ್ತಾ ತಟ್ಟುತ್ತಾ ಆ ಲಯಕ್ಕೇ "ದಿ-ಸನ್-ರೈಸಸ್-ಇನ್-ದಿ-ಈಸ್ಟ್" ಎಂದು ಕೂಗುವಳು. ಸ್ಪೆಲಿಂಗ್ ತಪ್ಪಿದರೆ ರೊಟ್ಟಿಯೂ ಹರಿಯುವುದು. ಟಿಕೆಟ್ ತೆಗೆದುಕೊಳ್ಳಲು ಬಂದ ಕಾಲೇಜು ಹುಡುಗರನ್ನೂ ಕಿಟಕಿಯಿಂದಲೇ ಕೇಳುವಳು, "ರೀ, ಈ ಲೆಕ್ಕ ಹೆಂಗೆ ಮಾಡಾದು ಸ್ವಲ್ಪ ಹೇಳ್ರಿ, ಗಾಡಿ ಇನ್ನೂ ಬಂದಿಲ್ಲ." ಅಪ್ಪಾಜಿ ಗದರುತ್ತಿದ್ದರು, ಆದರೆ ಗಾಡಿ ಬಂದ ಮೇಲೆ ಮಾತ್ರ. ಎಲ್ಲರಿಗಿಂತ ಹೆಚ್ಚಾಗಿ ನನ್ನನ್ನು ಕೇಳುತ್ತಿದ್ದಳು. "ಹೇಳ್ಕೊಡೇ ವಿಮ್ಲಿ, ಇನ್ನೊಂದ್ಸಲ ಹೇಳ್ಕೊಡೇ." ಹೇಳಿಕೊಟ್ಟೆ. ಅವಳನ್ನು ಏರಿಸಿದ ಮೆಟ್ಟಿಲುಗಳಲ್ಲಿ ಅರ್ಧ ನಾನೇ ಕಟ್ಟಿದ್ದು. ಇದನ್ನು ಹೇಳದೆ ಬಿಟ್ಟರೆ ನನ್ನ ಹೊಟ್ಟೆಕಿಚ್ಚಿನ ರುಚಿ ನಿಮಗೆ ಪೂರ್ತಿ ಗೊತ್ತಾಗುವುದಿಲ್ಲ.

ಅವಳು ಏರತೊಡಗಿದಳು. ಅವಳ ಕಾರ್ಡಿನ ಮೇಲೆ ಸಿಸ್ಟರ್ ಬರೆದರು: ಶೀ ಹ್ಯಾಸ್ ಇಂಪ್ರೂವ್ಡ್. ಆ ಮಾತು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾಕೆಂದರೆ ಬಸ್ಸಿನಲ್ಲಿ ಬರುತ್ತಿದ್ದ ಬಿತ್ತನೆ ಜೋಳದ ಮೂಟೆಗಳ ಮೇಲೆ ಇಂಪ್ರೂವ್ಡ್ ಎಂದು ಅಚ್ಚಾಗಿರುತ್ತಿತ್ತು. ಹೊಸ ತಳಿ, ಹೆಚ್ಚು ತೆನೆ. ಅಪ್ಪಾಜಿ ಅವಳ ಕಾರ್ಡನ್ನು ಕಂಡಕ್ಟರಿಗೆ ತೋರಿಸಿದರು, ಡ್ರೈವರಿಗೆ ತೋರಿಸಿದರು, ಅಂಗಡಿಗೆ ಒಯ್ದರು. ಊಟದ ಹೊತ್ತಿನಲ್ಲಿ ಅದು ಕೈಯಿಂದ ಕೈಗೆ ಹೋಗಿ ಅದರ ಮೂಲೆಗೆ ಗುರೆಳ್ಳು ಪುಡಿ ಅಂಟಿತು.

"ಹೋದ್ಸಲ ಎಷ್ಟಿತ್ತು?"

"ಹದಿನೆಂಟು ಮಾವ."

"ಈ ಸಲ?"

"ಮೂವತ್ತಾರು!"

"ಡಬಲ್ಲಾತಲ್ಲೇ!" ಎಂದು ಅಪ್ಪಾಜಿ ತೊಡೆ ತಟ್ಟಿದರು. "ಏ, ಇವಳಿಗೆ ಕೆನೆ ಹಾಕು."

ಅವ್ವ ಮೊಸರಿನ ಮೇಲಿನ ಕೆನೆಯನ್ನು ಸೌಟಿನಲ್ಲಿ ಎತ್ತಿ ಕೊಟ್ರಮ್ಮನ ತಟ್ಟೆಗೆ ಜಾರಿಸಿದಳು. ನನ್ನ ಕಾರ್ಡ್ ಅವತ್ತು ಬೆಳಿಗ್ಗೆಯೇ ಜಗಲಿ ಸೇರಿತ್ತು. ಎಂಬತ್ತರ ಮೇಲೆ ಎಷ್ಟೋ. ಯಾರೂ ಕೇಳಲಿಲ್ಲವಲ್ಲ ಎಂದು ನಾನೇ ಹೇಳಿದೆ. ಅಜ್ಜಿ ಬಾಯೊಳಗಿನ ಎಲೆಯಡಿಕೆಯನ್ನು ಒಂದು ಕಡೆಗೆ ಸರಿಸಿ, ಪ್ರೀತಿಯಿಂದಲೇ, ಆ ಮಾತು ಆಡಿದಳು:

"ನಿಂದು ಇದ್ದಂಗೇ ಐತೆ ಬಿಡವ್ವ."

ಇದ್ದಂಗೇ ಐತೆ. ಮನೆಯ ಕಂಬಕ್ಕೆ, ಊರ ಬೆಟ್ಟಕ್ಕೆ, ಸೂಳೆಕೆರೆಗೆ ಹೇಳುವ ಮಾತು. ಅಷ್ಟು ದೊಡ್ಡ ಕೆರೆಯನ್ನು ದಿನಾ ಬಸ್ಸಿನಿಂದ ನೋಡುವವರು ಯಾರು ಹೊಗಳುತ್ತಾರೆ? ತುಂಬಿದ ವರ್ಷ ಮಾತ್ರ ಮಾತಾಡುತ್ತಾರೆ. ಐ ವಾಸ್ ಜೆಲಸ್. ಕನ್ನಡದಲ್ಲಿ ಹೇಳಿದರೆ ಇನ್ನೂ ನಿಜ: ಹೊಟ್ಟೆಯಲ್ಲಿ ಕಿಚ್ಚು, ಕೆನೆ ಬೀಳದ ಹೊಟ್ಟೆಯಲ್ಲಿ. ಅವಳು ನನಗಿಂತ ಮೇಲಿದ್ದಾಳೆಂಬ ಕಿಚ್ಚಲ್ಲ ಅದು, ವಿಚಿತ್ರ ನೋಡಿ. ಅವಳು ನನಗಿಂತ ಕೆಳಗಿದ್ದಾಳೆ ಎಂಬ ಕಿಚ್ಚು. ಏರಲು ಅವಳಿಗೆ ಎಷ್ಟೊಂದು ಜಾಗವಿತ್ತು! ನನಗೆ ಇದ್ದುದು ಇಳಿಯುವ ಜಾಗ ಮಾತ್ರ. ಅವ್ವ ಪಾತ್ರೆ ಒಳಗಿಡುವಾಗ ನನ್ನ ಮುಖ ನೋಡಿದಳು.

"ಹೊಟ್ಟೆಕಿಚ್ಚೇನೆ?"

"ಇಲ್ಲ."

"ಪಡು ಪಡು, ಏನಾಗಲ್ಲ. ಊಟ ಮಾತ್ರ ಬಿಡಬ್ಯಾಡ."

ಒಂಬತ್ತನೇ ಕ್ಲಾಸು ಮುಗಿಯುವಷ್ಟರಲ್ಲಿ ಕೊಟ್ರಮ್ಮ ಐವತ್ತು ದಾಟಿದ್ದಳು. ಆ ಹೊತ್ತಿಗೇ ನನ್ನ ತಲೆಗೆ ಆ ಫೋಟೋ ಹೊಕ್ಕಿದ್ದು. ಸ್ಕೂಲಿನ ಪಾರ್ಲರ್‌ನಲ್ಲಿ, ಅಂದರೆ ದೊಡ್ಡವರು ಬಂದರೆ ಕೂರಿಸುವ ರೂಮಿನಲ್ಲಿ, ಮೈಸೂರಿನ ಒಂದು ವಿಮೆನ್ಸ್ ಕಾಲೇಜಿನ ಲ್ಯಾಬೊರೇಟರಿಯ ಫೋಟೋ ತೂಗುಹಾಕಿದ್ದರು. ಉದ್ದನೆಯ ಮೇಜು, ಬಿಳಿ ಕೋಟಿನ ಹುಡುಗಿಯರು, ಒಬ್ಬೊಬ್ಬರ ಮುಂದೆ ಒಂದೊಂದು ಮೈಕ್ರೋಸ್ಕೋಪ್. ಬಲತುದಿಯಲ್ಲಿ ಒಂದು ಸ್ಟೂಲ್ ಖಾಲಿ ಇತ್ತು. ಅದು ನನ್ನದೇ ಎಂದು ನಾನು ತೀರ್ಮಾನಿಸಿಬಿಟ್ಟೆ. ಆ ಕಾಲೇಜು ಸಿಗುವುದು ಸುಲಭವಾಗಿರಲಿಲ್ಲ. ಬರಿಯ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ನೋಡಿ ಬಾಗಿಲು ತೆರೆಯುವವರಲ್ಲ ಅವರು; ಎಂಟು, ಒಂಬತ್ತು, ಹತ್ತು, ಮೂರೂ ವರ್ಷದ ಕಾರ್ಡುಗಳನ್ನು ತರಬೇಕು, ಪ್ರಿನ್ಸಿಪಾಲರು ಮಾತಾಡಿಸುತ್ತಾರೆ, ನಮ್ಮಂಥ ಸಣ್ಣ ಊರಿನ ಕಾನ್ವೆಂಟಿನಿಂದ ಹೆಚ್ಚೆಂದರೆ ಒಬ್ಬಳು. ಆ ಒಬ್ಬಳು ಯಾರೆಂದು ಕೇಳುವ ಅಗತ್ಯವೇ ನನಗೆ ಕಂಡಿರಲಿಲ್ಲ. ಹಾಲು ಕಾಯಿಸುವಾಗ ಅವ್ವನಿಗೆ ಹೇಳುತ್ತಿದ್ದೆ, ಹಾಸ್ಟೆಲಿನಲ್ಲಿ ಟೋಸ್ಟ್ ಕೊಡುತ್ತಾರಂತೆ, ಫೋರ್ಕಿನಲ್ಲಿ ತಿನ್ನಬೇಕಂತೆ. "ಉಪ್ಪಿಟ್ಟು ಅದ್ರಾಗೆ ಹೆಂಗೆ ನಿಲ್ತೈತೆ?" ಎನ್ನುವಳು ಅವ್ವ.

ಹತ್ತನೇ ಕ್ಲಾಸಿನ ಕೊನೆಯಲ್ಲಿ ಫಲಿತಾಂಶ ಬಂದಾಗಲೂ ಸ್ಕೂಲಿಗೆ ಫಸ್ಟ್ ನಾನೇ. ಕೊಟ್ರಮ್ಮ ನನಗಿಂತ ಸ್ವಲ್ಪವೇ ಕೆಳಗೆ. ಸ್ವಲ್ಪವೇ ಎಂದರೂ ಕೆಳಗೆ, ಇದನ್ನು ಅಂಡರ್‌ಲೈನ್ ಮಾಡಿಕೊಳ್ಳಿ. ಸಿಸ್ಟರ್ ಹೆಡ್‌ಮಿಸ್ಟ್ರೆಸ್ ನಮ್ಮಿಬ್ಬರನ್ನೂ ಪಾರ್ಲರ್‌ಗೆ ಕರೆದು, ಇಬ್ಬರೂ ಮೈಸೂರಿಗೆ ಅಪ್ಲೈ ಮಾಡಿ ಎಂದರು. ನಾನು ಆ ಫೋಟೋ ಕಡೆ ನೋಡಿದೆ. ಪಕ್ಕಕ್ಕೆ ನೋಡಿದರೆ ಕೊಟ್ರಮ್ಮನೂ ಅದನ್ನೇ ನೋಡುತ್ತಿದ್ದಳು.

ಇಂಟರ್‌ವ್ಯೂಗೆ ಅಪ್ಪಾಜಿಯೇ ಕರೆದುಕೊಂಡು ಹೋದರು, ಬಿಳಿ ಪಂಚೆ, ಕರಿ ಕೋಟು, ಇಸ್ತ್ರಿ ಮಾಡಿದ ಟೋಪಿ. ಸಿಸ್ಟರ್ ಹೆಡ್‌ಮಿಸ್ಟ್ರೆಸ್ ಮೊದಲೇ ಹೋಗಿ ಅಲ್ಲಿದ್ದರು. ಪ್ರಿನ್ಸಿಪಾಲ್ ಸಿಸ್ಟರ್ ಎತ್ತರದ ಹೆಂಗಸು, ಕನ್ನಡಕ ಮೂಗಿನ ತುದಿಗೆ. ನನ್ನ ಕಾರ್ಡುಗಳನ್ನು ಕೈಗೆತ್ತಿಕೊಂಡವರೇ ಮೂಸಿ ನೋಡಿದರು. ಕರ್ಪೂರ, ಊದಿನಕಡ್ಡಿ, ದೀಪದ ಎಣ್ಣೆ. ಎಂಟನೇ ಕ್ಲಾಸಿನದಕ್ಕೆ ಆಯುಧಪೂಜೆಯಲ್ಲಿ ಬಸ್ಸುಗಳ ಜೊತೆಗೇ ಹಚ್ಚಿದ್ದ ಕುಂಕುಮ ಹರಡಿ ಜಾಗ್ರಫಿ ಮಾರ್ಕ್ಸೇ ಕಾಣುತ್ತಿರಲಿಲ್ಲ. "ವಾಟ್ ಈಸ್ ದಿಸ್?" ಎಂದರು. ಅಪ್ಪಾಜಿ ಎದ್ದು ನಿಂತು ನಮ್ಮ ಹೆಡ್‌ಮಿಸ್ಟ್ರೆಸ್ ಕಡೆ ಕೈಮುಗಿದು, ಕನ್ನಡದಲ್ಲಿ, ಬಹಳ ಅಭಿಮಾನದಿಂದ ಹೇಳಿದರು:

"ನೀವೇ ಬರ್ದಿದ್ರಲ್ರೀ ಸಿಸ್ಟರ್, ಕೀಪ್ ಇಟ್ ಅಪ್ ಅಂತ. ಮ್ಯಾಲೇ ಇಟ್ಟಿದ್ವಿ. ಒಂದ್ಸಲಾನೂ ಕೆಳಕ್ಕಿಳಿಸಿಲ್ಲ."

ಸಿಸ್ಟರ್ ಹೆಡ್‌ಮಿಸ್ಟ್ರೆಸ್ ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡರು. ಅವರು ಇಂಗ್ಲಿಷಿಗೆ ತಿರುಗಿಸಿ ಹೇಳಿದ ಮೇಲೆ ಪ್ರಿನ್ಸಿಪಾಲ್ ನಗಲಿಲ್ಲ. ಅಪ್ಪಾಜಿಗೆ ತಲೆಬಾಗಿ "ಥ್ಯಾಂಕ್ ಯೂ" ಎಂದರು. ನನಗೆ ಮಾತ್ರ ನೆಲ ಬಿರಿದರೆ ಇಳಿದುಹೋಗೋಣ ಅನ್ನಿಸಿತ್ತು. ಆ ಕೋಣೆಯಲ್ಲಿ ನಾನು ವಿಮಲಾ ಆಗಿದ್ದೆ. ಅಪ್ಪಾಜಿ ಒಂದೇ ಮಾತಿನಲ್ಲಿ ನನ್ನನ್ನು ವಿಮ್ಲಿ ಮಾಡಿಬಿಟ್ಟರು.

ಆಮೇಲೆ ಪ್ರಿನ್ಸಿಪಾಲ್ ನಮ್ಮಿಬ್ಬರಿಗೂ ಒಂದೇ ಪ್ರಶ್ನೆ ಕೇಳಿದರು. ನೀರು ಗಟ್ಟಿಯಾದರೆ ಐಸ್, ಹಾಗಿದ್ದ ಮೇಲೆ ಅದು ನೀರಿನಲ್ಲಿ ಮುಳುಗುವುದಿಲ್ಲ ಯಾಕೆ? ನಮ್ಮ ಪಾಠದಲ್ಲಿ ಇರಲಿಲ್ಲ. ಐಸನ್ನು ನಾವು ಸೋಡಾ ಅಂಗಡಿಯಲ್ಲಿ ಮರದ ಹೊಟ್ಟಿನೊಳಗೆ ಹುದುಗಿಸಿಟ್ಟಿದ್ದು ಬಿಟ್ಟರೆ ಬೇರೆಲ್ಲೂ ನೋಡಿರಲಿಲ್ಲ. ನಾನು ಬೆನ್ನು ನೆಟ್ಟಗೆ ಮಾಡಿಕೊಂಡು ಕೂತೆ, ಕೈಗಳನ್ನು ಮಡಿಲಲ್ಲಿ ಜೋಡಿಸಿದೆ, "ಇಟ್ ಈಸ್ ನಾಟ್ ಇನ್ ಅವರ್ ಪೋರ್ಷನ್, ಸಿಸ್ಟರ್" ಎಂದೆ. ಗ್ರಾಮರ್ ಸರಿಯಾಗಿತ್ತು. ಕೊಟ್ರಮ್ಮ ಮುಂದಕ್ಕೆ ಬಾಗಿದಳು.

"ಐ ನಾಟ್ ನೋ ಸಿಸ್ಟರ್. ಯೂ ಟೆಲ್ಲು, ಐ ವಿಲ್ ಲರ್ನು."

ಪ್ರಿನ್ಸಿಪಾಲ್ ಕನ್ನಡಕ ತೆಗೆದಿಟ್ಟರು. ಹೂಜಿಯಿಂದ ಗ್ಲಾಸಿಗೆ ನೀರು ಸುರಿದು, ಬೆರಳಾಡಿಸಿ ತೋರಿಸುತ್ತಾ ಅವಳಿಗೆ ಹೇಳತೊಡಗಿದರು. ಅವಳು ನಡುನಡುವೆ "ವೈ? ವೈ?" ಎನ್ನುತ್ತಿದ್ದಳು, ನಮ್ಮ ಅಡುಗೆಮನೆಯಲ್ಲಿ ಅವ್ವನನ್ನು ಕೇಳುವ ಹಾಗೆ. ನನ್ನ ಕಾರ್ಡುಗಳು ಮೇಜಿನ ಮೇಲೆ ಪರಿಮಳ ಬೀರುತ್ತಾ ಬಿದ್ದಿದ್ದವು.

ಹಿಂತಿರುಗುವ ಬಸ್ಸಿನಲ್ಲಿ ಮುಂದಿನ ಸೀಟಿನಲ್ಲಿ ಅಪ್ಪಾಜಿ ಡ್ರೈವರ್ ಜೊತೆ ಮಾತಾಡುತ್ತಿದ್ದರು. ನಾನು ಕಿಟಕಿಗೆ ಹಣೆ ಒತ್ತಿ ಕೂತಿದ್ದೆ. ಕೊಟ್ರಮ್ಮ ಮೊಣಕೈಯಿಂದ ತಿವಿದಳು.

"ಮುಖ ಯಾಕೆ ಊದಿಸ್ಕೊಂಡೀಯೇ? ನಿನ್ನ ಕಾರ್ಡಿಗೆ ಮೂರು ವರ್ಷ ಆರತಿ ಎತ್ಯಾರೆ. ನಂದು ಎಲ್ಲಿತ್ತು ಗೊತ್ತೇನು? ನಿಮ್ಮವ್ವ ಹಾಲಿನ ಪಾತ್ರೆ ಮ್ಯಾಲೆ ಮುಚ್ಚಿದ್ರು. ಬೆಕ್ಕು ಬರ್ತೈತೆ ಅಂತ."

"ನಿಂದನ್ನ ಎಲ್ಲರೂ ಓದಿದ್ರು."

"ಓದಿ ಮುಚ್ಚಿದ್ರು. ನಂಗೂ ಒಂದ್ಸಲ ಮ್ಯಾಲೆ ಇಡ್ಲಿ ಅಂತ ಎಷ್ಟು ಆಸೆ ಇತ್ತು ಕಣೇ."

ಇದನ್ನು ಕೇಳಿ ನನಗೆ ಸಮಾಧಾನವಾಯಿತೇ? ಇಲ್ಲ. ಹೊಟ್ಟೆಕಿಚ್ಚು ಪಡುವುದರಲ್ಲೂ ಅವಳು ನನ್ನ ಪಾಲನ್ನು ಕಿತ್ತುಕೊಂಡಳಲ್ಲ ಎನ್ನಿಸಿತು.

ಫಲಿತಾಂಶ ಹೇಳಲು ಸಿಸ್ಟರ್ ಹೆಡ್‌ಮಿಸ್ಟ್ರೆಸ್ ತಾವೇ ನಮ್ಮ ಮನೆಗೆ ಬಂದರು. ಪಾರ್ಸಲ್ಲುಗಳನ್ನು ಸರಿಸಿ ಕುರ್ಚಿ ಹಾಕಿದೆವು. ಅವ್ವ ಬೆಲ್ಲದ ಪಾನಕ ತಂದಳು. ಕಿಟಕಿಯಾಚೆ ಯಾರೋ ಹೊನ್ನಾಳಿ ಟಿಕೆಟ್ ಕೇಳುತ್ತಿದ್ದರು, ಅಪ್ಪಾಜಿ ಮೊದಲ ಬಾರಿಗೆ "ತಡೀರಿ" ಎಂದು ಕಿಟಕಿ ಮುಚ್ಚಿದರು. ಸಿಸ್ಟರ್ ನನ್ನನ್ನು ನೋಡಲಿಲ್ಲ. ಅದರಿಂದಲೇ ನನಗೆ ಗೊತ್ತಾಯಿತು.

"ಒಂದೇ ಸೀಟು ಕೊಟ್ಟಿದ್ದಾರೆ. ಕೊಟ್ರಮ್ಮನಿಗೆ."

ಅಪ್ಪಾಜಿ ತಡವರಿಸಿದರು. "ವಿಮ್ಲಿದು ಮಾರ್ಕ್ಸು ಜಾಸ್ತಿ ಅಲ್ರೀ ಸಿಸ್ಟರ್?"

"ಜಾಸ್ತಿಯೇ. ನಾನೂ ಹೇಳಿದೆ. ಪ್ರಿನ್ಸಿಪಾಲ್ ಏನೆಂದರು ಗೊತ್ತೇ? ವಿಮಲಾ ಹ್ಯಾಸ್ ಅರೈವ್ಡ್. ದಿ ಅದರ್ ಗರ್ಲ್ ಈಸ್ ಸ್ಟಿಲ್ ಕಮಿಂಗ್. ಅಂದರೆ, ವಿಮಲಾ ಬಂದು ಮುಟ್ಟಿದ್ದಾಳೆ, ಮೂರು ವರ್ಷದಿಂದ ಅಲ್ಲೇ ಇದ್ದಾಳೆ. ಇವಳು ಇನ್ನೂ ಬರುತ್ತಿದ್ದಾಳೆ. ಇವಳು ಎಲ್ಲಿಯವರೆಗೆ ಬರುತ್ತಾಳೋ ನೋಡಬೇಕು ಅಂದರು."

ಅಪ್ಪಾಜಿ ನನ್ನ ಪರವಾಗಿ ಏನಾದರೂ ಹೇಳುತ್ತಾರೆಂದು ಕಾದೆ. ಅವರು ಬಹಳ ಯೋಚಿಸಿ, ಬಹಳ ದುಃಖದಿಂದ, ತಮಗೆ ಗೊತ್ತಿದ್ದ ಒಂದೇ ಲೋಕದಿಂದ ಮಾತು ತೆಗೆದರು:

"ನಿಜ ಬಿಡ್ರೀ. ಬಂದ ಗಾಡಿಗೆ ಯಾರು ಕಾಯ್ತಾರೆ. ಬರೋ ಗಾಡಿಗೇ ಜನ ಕಾಯೋದು."

ಅದಾಗಿ ಎಷ್ಟೋ ದಶಕಗಳ ಮೇಲೆ, ಮೊನ್ನೆ, ನನ್ನ ಮೊಮ್ಮಗಳಿಗೆ ಯಾವುದೋ ಬಹಳ ಸೆಲೆಕ್ಟಿವ್ ಕಾಲೇಜಿಗೆ ಅಪ್ಲೈ ಮಾಡುವ ವಿಷಯದಲ್ಲಿ ಒಬ್ಬ ಕೌನ್ಸೆಲರ್ ಹುಡುಗಿ ವಿಡಿಯೋ ಕಾಲ್‌ನಲ್ಲಿ ಮಾತಾಡುತ್ತಿದ್ದಳು. ಒಂಬತ್ತರಲ್ಲಿ ಗ್ರೇಡ್ಸ್ ಕಡಿಮೆ ಇದ್ದರೂ ವರಿ ಮಾಡಬೇಡಿ, ಹನ್ನೊಂದು ಹನ್ನೆರಡರಲ್ಲಿ ಏರಿದೆಯಲ್ಲ, ಕಾಲೇಜಿನವರು ಅಪ್‌ವರ್ಡ್ ಟ್ರೆಂಡ್ ನೋಡುತ್ತಾರೆ, ಅದು ಆ ಹುಡುಗಿಯ ಬಗ್ಗೆ ಒಂದು ಸ್ಟೋರಿ ಹೇಳುತ್ತದೆ ಎಂದಳು. ನಾನು ಮಧ್ಯೆ ಬಾಯಿ ಹಾಕಿದೆ. ಮೊದಲಿನಿಂದಲೂ ಮೇಲೇ ಇದ್ದವಳಿಗೆ ಏನಂತಾರಮ್ಮ? "ಅದೂ ತುಂಬಾ ಒಳ್ಳೇದೇ ಆಂಟಿ. ಎಷ್ಟೋ ಕಡೆ ಅದನ್ನೇ ಮೊದಲು ನೋಡ್ತಾರೆ. ಕನ್ಸಿಸ್ಟೆಂಟ್ ಅಂತಾರೆ" ಎಂದಳು. ಕನ್ಸಿಸ್ಟೆಂಟ್! ಇದ್ದಂಗೇ ಐತೆ ಅನ್ನುವುದಕ್ಕೆ ಇಂಗ್ಲಿಷಿನಲ್ಲಿ ಎಂಥ ಸುಂದರವಾದ ಮಾತಿದೆ. ಫೋನ್ ಮಗಳ ಕೈಗೆ ಕೊಟ್ಟು ಎದ್ದುಹೋದೆ. ಈ ವಯಸ್ಸಿನಲ್ಲಿ, ಹನ್ನೆರಡನೇ ಕ್ಲಾಸಿನ ಮೊಮ್ಮಗಳ ಗ್ರಾಫಿನ ಮೇಲೆ ಕರುಬಿದೆ ಎಂದರೆ ನಂಬುತ್ತೀರಾ?

ಆ ವರ್ಷ ಕೊಟ್ರಮ್ಮ ಮೈಸೂರಿಗೆ ಹೊರಟಳು. ಒಂದು ಸಲ, ಒಂದೇ ಸಲ, "ನೀನು ಬರದೇ ನಾನು ಹೋಗಲ್ಲ" ಅನ್ನುತ್ತಾಳೇನೋ ಎಂದು ಕಾದೆ, ಅನ್ನಲಿಲ್ಲ. ಅನ್ನಬೇಕಾಗಿಯೂ ಇರಲಿಲ್ಲ. ಜಗಳೂರಿನಲ್ಲಿ ಅವಳಿಗೆ ಗಂಡು ನೋಡಿಯಾಗಿತ್ತು, ಈ ಸೀಟು ತಪ್ಪಿದ್ದರೆ ಆ ಶ್ರಾವಣದಲ್ಲೇ ತಲೆಯ ಮೇಲೆ ಮದುವೆಯ ಅಕ್ಕಿಕಾಳು. ಅತ್ತೆ ಬಂದು ಅಪ್ಪಾಜಿಯ ಎರಡೂ ಕೈ ಹಿಡಿದುಕೊಂಡು ಅತ್ತರು. ಅದನ್ನೆಲ್ಲ ನೋಡಿಯೂ ನನ್ನ ಕಿಚ್ಚು ಒಂದು ಗುಂಜಿ ಕಡಿಮೆಯಾಗಲಿಲ್ಲ. ಅವಳಿಗೆ ಅದು ಬೇಕಿತ್ತು ಎಂಬುದು ನನಗೆ ಅದು ಬೇಕಿರಲಿಲ್ಲ ಎಂದಾಗುವುದಿಲ್ಲವಲ್ಲ. ಅವ್ವ ಅವಳ ಟ್ರಂಕಿಗೆ ಹುರಿಗಡಲೆ ಉಂಡೆ, ಚಟ್ನಿಪುಡಿ ತುಂಬುತ್ತಿದ್ದಾಗ ನಾನು ಹಿತ್ತಲಿನಲ್ಲಿ ಇಲ್ಲದ ಬಟ್ಟೆಗಳನ್ನು ಒಗೆಯುತ್ತಿದ್ದೆ.

ನಾನು ದಾವಣಗೆರೆಯ ಕಾಲೇಜಿಗೆ ಸೇರಿದೆ. ಅಪ್ಪಾಜಿ ಟಿಕೆಟ್ ಕೊಡುತ್ತಿದ್ದ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಅಲ್ಲಿ ಯಾರೂ ನನ್ನ ಹಳೆಯ ಕಾರ್ಡುಗಳನ್ನು ಕೇಳಲಿಲ್ಲ, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ನೋಡಿ ಸಹಿ ಹಾಕಿದರು. ಮೊದಲ ಟೆಸ್ಟಿಗೇ ನಾನು ಫಸ್ಟ್ ಬಂದೆ. ಮತ್ತೇನು ಬರುತ್ತೇನೆ.

ದಸರಾ ರಜೆಗೆ ಕೊಟ್ರಮ್ಮ ಬಂದಳು. ಎರಡು ಜಡೆ ಒಂದಾಗಿತ್ತು, ಕೆನ್ನೆಗಳು ಒಳಗೆ ಹೋಗಿದ್ದವು. ಸಂಜೆ ಹಿತ್ತಲ ಮೆಟ್ಟಿಲ ಮೇಲೆ ಎಲ್ಲರೂ ಕೂತು ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿನ್ನುತ್ತಿದ್ದೆವು. ಅವಳು ಬಜ್ಜಿ ಕಚ್ಚಿ, ಖಾರಕ್ಕೆ ಕಣ್ಣಲ್ಲಿ ನೀರು ತಂದುಕೊಂಡು, ಅದೇ ಹಳೆಯ ಧಾಟಿಯಲ್ಲಿ ಸಾರಿದಳು:

"ಮಾವ, ನಾನು ಲಾಸ್ಟು! ಇಡೀ ಕ್ಲಾಸಿಗೆ ನಾನೇ ಲಾಸ್ಟು!"

ಅಜ್ಜಿ ಗಹಗಹಿಸಿದಳು. "ಮತ್ತೆ ಮೊದ್ಲಿಂದ ಶುರುವಾತೇನೇ ನಿಂದು?"

"ಹೂಂ ಅಜ್ಜಿ. ಅಲ್ಲಿ ಎಲ್ಲಾರೂ ದೊಡ್ಡ ದೊಡ್ಡ ಊರಿನೋರು. ಫಿಸಿಕ್ಸಿನಾಗೆ ಫೇಲು."

ಅಪ್ಪಾಜಿ ನನ್ನ ಕಡೆ ತಿರುಗಿದರು. ಅವರು ಮರೆತಿರಲಿಲ್ಲ, ನ್ಯಾಯವಂತರು. "ನಿಂದೇನಾತವ್ವ?"

"ಫಸ್ಟು."

"ಹೂಂ, ಹೂಂ," ಎಂದು ತೃಪ್ತಿಯಿಂದ ತಲೆದೂಗಿ ಮತ್ತೆ ಅವಳ ಕಡೆಗೇ ತಿರುಗಿದರು. "ಫಿಸಿಕ್ಸು ಅಂದ್ರೇನು? ಹೆಂಗೆ ಫೇಲಾತು? ಪೂರ್ತಿ ಹೇಳು."

ಅವಳ ಸೀಟಿನ ಮೇಲೆ ಕರುಬಿದ್ದು ಸರಿ. ಅವಳ ಕೊನೆಯ ಸ್ಥಾನದ ಮೇಲೂ ಕರುಬಿದೆ ನಾನು. ಮರುದಿನ ಮಧ್ಯಾಹ್ನ, ಮನೆಯವರು ಉಂಡು ಅಡ್ಡಾದ ಮೇಲೆ, ಅವಳ ಹತ್ತಿರ ಹೋಗಿ, ಅವಳನ್ನು ಫೇಲು ಮಾಡಿದ ಆ ಫಿಸಿಕ್ಸ್ ಕ್ವೆಶ್ಚನ್ ಪೇಪರ್ ಕೊಡು ಎಂದೆ. ಮಾಡಿ ತೋರಿಸಿಬಿಡೋಣ ಎಂದಿದ್ದೆ. ಆ ಸ್ಟೂಲಿನ ಮೇಲೆ ಯಾರು ಕೂರಬೇಕಿತ್ತೆಂದು ಆ ಮೈಸೂರಿನ ಸಿಸ್ಟರ್‌ಗೆ ಇಲ್ಲಿಂದಲೇ ತಿಳಿಯಲಿ ಎಂದಿದ್ದೆ. ನಡುಮನೆಯ ಕಂಬಕ್ಕೆ ಒರಗಿ, ತೊಡೆಯ ಮೇಲೆ ಅಟ್ಲಾಸ್ ಇಟ್ಟುಕೊಂಡು ಬರೆಯಲು ಕೂತೆ. ಮೊದಲ ಪ್ರಶ್ನೆ ನಾವು ಓದಿದ್ದ ಪಾಠದ್ದೇ, ಆದರೆ ಪಾಠದಲ್ಲಿದ್ದ ಹಾಗಿರಲಿಲ್ಲ. ಎರಡನೆಯದು ಗೊತ್ತಿರುವ ಫಾರ್ಮುಲಾವನ್ನು ಬಳಸಿಯೂ ಬಗೆಹರಿಯುತ್ತಿರಲಿಲ್ಲ. ಬಾಯಿಪಾಠ ಬಂದಿದ್ದನ್ನೆಲ್ಲ ನೆನಪಿಸಿಕೊಂಡೆ. ಅಲ್ಲಿ ಯಾರೂ ಅದನ್ನು ಕೇಳಿಯೇ ಇರಲಿಲ್ಲ. ಬರೆದೆ, ಹೊಡೆದುಹಾಕಿದೆ, ಮತ್ತೆ ಬರೆದೆ. ಕೊಟ್ರಮ್ಮ ಬಂದು ನನ್ನ ಹಾಳೆ ಕಸಿದುಕೊಂಡು ನೋಡುತ್ತಾ ಹೋದಳು. ಮೊದಲು ಅವಳ ಹುಬ್ಬು ಏರಿತು. ಆಮೇಲೆ ಬಾಯಿ ಅಗಲವಾಯಿತು.

"ಅತ್ತೇ! ಮಾವಾ! ಬರ್ರೀ ಇಲ್ಲಿ! ವಿಮ್ಲಿ ಫೇಲು! ನನಗಿಂತಾನೂ ಕಮ್ಮಿ!"

ಅವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದಳು. ಅಜ್ಜಿ ಮಲಗಿದ್ದಲ್ಲಿಂದಲೇ "ಯಾರಿಗೇನಾತೇ?" ಎಂದು ಕೂಗಿದಳು. ಅಪ್ಪಾಜಿ ಪಡಸಾಲೆಯಿಂದ ಓಡಿ ಬಂದರು, ಕಿವಿಯ ಸಂದಿನಲ್ಲಿ ಪೆನ್ಸಿಲ್ ಹಾಗೇ ಇತ್ತು. ನನ್ನ ಹಾಳೆಯನ್ನು ನೋಡಿದರು, ನನ್ನನ್ನು ನೋಡಿದರು, ಪಂಚೆ ಮಡಿಸಿಕೊಂಡು ನನ್ನ ಪಕ್ಕದಲ್ಲಿ ನೆಲದ ಮೇಲೆ ಕೂತುಬಿಟ್ಟರು. ಅವರು ಹಾಗೆ ನನ್ನ ಪಕ್ಕ ಕೂತಿದ್ದು ನನಗೆ ನೆನಪೇ ಇರಲಿಲ್ಲ.

"ಯಾವುದು ಬರ್ಲಿಲ್ಲವ್ವ?"

"ಇದು. ಆಮ್ಯಾಲೆ ಇದೂ. ಇದಂತೂ ಏನು ಕೇಳ್ಯಾರೆ ಅಂತಾನೇ ತಿಳೀಲಿಲ್ಲ ಅಪ್ಪಾಜಿ."

"ಮತ್ತೆ ಈಗ ಏನು ಮಾಡೋದು?"

ಹೊರಗೆ ಗಾಡಿ ಹಾರನ್ ಹೊಡೆಯುತ್ತಿತ್ತು, ಕಿಟಕಿಯ ಹತ್ತಿರ ಜನ ಕೂಗುತ್ತಿದ್ದರು, ಅವರು ಏಳಲಿಲ್ಲ. ಕೊಟ್ರಮ್ಮ ನಮ್ಮಿಬ್ಬರ ನಡುವೆ ಮಂಡಿಯೂರಿ ಜಾಗ ಮಾಡಿಕೊಂಡಳು.

"ಸರೀ ಅತ್ಲಾಗೆ. ಇದನ್ನ ನಮಗೆ ಆಮ್ಯಾಲೆ ಹೇಳ್ಕೊಟ್ರು. ನಾನು ಹೇಳ್ತೀನಿ, ಬರ್ಕೋ."

ಅವಳು ಹೇಳಿಕೊಟ್ಟಳು. ನಾನು ಅವಳಿಗೆ ಹೇಳಿಕೊಡುತ್ತಿದ್ದುದಕ್ಕಿಂತ ಚೆನ್ನಾಗಿ, ತಾಳ್ಮೆಯಿಂದ, ತಾನು ತಪ್ಪಿದ ಜಾಗಗಳನ್ನು ಬೆರಳಿಟ್ಟು ತೋರಿಸುತ್ತಾ. ಆ ಕಾಲೇಜಿಗೆ ನಾನು ಯಾವತ್ತೂ ಹೋಗಲಿಲ್ಲ. ಆ ಮಧ್ಯಾಹ್ನ ನಡುಮನೆಯಲ್ಲಿ ಕೂತು, ಮನಸ್ಸಿನಲ್ಲಿ ಅವಳಿಗೆ ಬಾಯಿಗೆ ಬಂದದ್ದೆಲ್ಲ ಬೈಯುತ್ತಾ, ಅವಳು ಹೇಳಿದ್ದನ್ನು ಒಂದಕ್ಷರ ಬಿಡದೆ ಬರೆದುಕೊಂಡೆ.